ಕರ್ತೃ ಎಲ್ಲಿ, ಸಾರ್?

ನಾನು ಪೊಲೀಸ್ ಇಲಾಖೆಯಲ್ಲಿದ್ದೆ ಎಂದು ತಿಳಿದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, ಎಷ್ಟು ಕಳ್ಳರನ್ನು ಹಿಡಿದಿದ್ದೀರಿ ಎಂಬುದು. ನಿಜ ಹೇಳಿದರೆ ಅವರಿಗೆ ನಿರಾಸೆಯಾಗುತ್ತದೆ. ಒಬ್ಬನನ್ನೂ ಹಿಡಿಯಲಿಲ್ಲ. ಒಮ್ಮೆ ಚನ್ನಪಟ್ಟಣದ ಸಂತೆಯಲ್ಲಿ ಜೇಬುಗಳ್ಳನೊಬ್ಬ ತಾನಾಗಿಯೇ ಓಡಿಬಂದು ನನಗೆ ಡಿಕ್ಕಿ ಹೊಡೆದ. ಇಬ್ಬರೂ ಬಿದ್ದೆವು. ಅವನು ಮೊದಲು ಎದ್ದ. ಅಷ್ಟೇ ನನ್ನ ಸಾಹಸ. ಉಳಿದಂತೆ ಇಡೀ ನೌಕರಿಯುದ್ದಕ್ಕೂ ನಾನು ಠಾಣೆಯ ರೈಟರ್. ಕನಕಪುರ, ಚನ್ನಪಟ್ಟಣ, ಮಾಗಡಿ, ರಾಮನಗರ ಸೀಮೆಯ ಬೇರೆ ಬೇರೆ ಠಾಣೆಗಳಲ್ಲಿ ಮೇಜಿನ ಹಿಂದೆ ಕುಳಿತು, ಬಂದವರು ಹೇಳಿದ್ದನ್ನು ಬರೆದುಕೊಂಡವನು. ಯಾವ ಊರಿನ ಠಾಣೆಯಲ್ಲಿ ಯಾವುದು ನಡೆಯಿತು ಎಂದು ಬಿಡಿಸಿ ಹೇಳುವುದಿಲ್ಲ. ಈಗಲೂ ಆ ಬೀದಿಗಳಲ್ಲಿ ಓಡಾಡಬೇಕಲ್ಲ.

ನಮ್ಮ ಪಕ್ಕದ ಮನೆಯ ಭವ್ಯ ಈಚೆಗೆ ಪೊಲೀಸ್ ಪೇದೆಯಾಗಿ ಸೇರಿದಳು. ಮೊನ್ನೆ ಬಂದು, "ಅಂಕಲ್, ದೂರು ಬರೆಯೋವಾಗ ಕಾಗುಣಿತ, ವ್ಯಾಕರಣ ಅವೆಲ್ಲ ಅಷ್ಟೊಂದು ಮುಖ್ಯಾನಾ? ವಿಷಯ ತಿಳಿದ್ರೆ ಸಾಲ್ದಾ?" ಎಂದು ಕೇಳಿದಳು. ಹೌದು ಎಂದೆ. ಆಮೇಲೆ ಅಲ್ಲ ಎಂದೆ. ಅವಳು ನನ್ನ ಮುಖ ನೋಡಿ ನಗುತ್ತಾ ಡ್ಯೂಟಿಗೆ ಹೊರಟುಹೋದಳು. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಬಿಡುವಾಗಿ ಕುಳಿತು ಬರೆಯುತ್ತಿದ್ದೇನೆ.

ನಮ್ಮದು ಮಾಗಡಿ ತಾಲ್ಲೂಕು, ತಿಪ್ಪಸಂದ್ರದ ಆಚೆ ಒಂದು ಹಳ್ಳಿ. ರಾಗಿ ಹೊಲ, ಒಂದು ಮಂದೆ ಕುರಿ. ಮನೆಯಲ್ಲಿ ಯಾರ ಬಾಯಲ್ಲೂ 'ಹ' ಎಂಬ ಅಕ್ಷರ ಇರಲಿಲ್ಲ. ಹಾಲು ಆಲಾಗಿತ್ತು, ಹಬ್ಬ ಅಬ್ಬವಾಗಿತ್ತು. ಇದಕ್ಕಾಗಿ ಹೈಸ್ಕೂಲಿನ ಮೇಷ್ಟ್ರ ಕೈಯಲ್ಲಿ ತಿಂದ ಏಟುಗಳಿಂದ ನನಗೊಂದು ಭಯ ಹತ್ತಿಕೊಂಡಿತು. ಎಲ್ಲಿ 'ಹ' ಬಿಟ್ಟುಹೋಗುತ್ತದೋ ಎಂದು, ಅನುಮಾನ ಬಂದ ಕಡೆಯೆಲ್ಲ ಒಂದು 'ಹ' ಹಾಕಿಬಿಡುತ್ತಿದ್ದೆ.

ರೈಟರ್ ಆದ ಹೊಸತರಲ್ಲಿ ಒಬ್ಬ ರೈತ ಏದುಸಿರು ಬಿಡುತ್ತಾ ಬಂದ. "ಸೋಮಿ, ನನ್ನ ಏಳು ಮ್ಯಾಕೆ ಒಡ್ಕೊಂಡೋಗ್ಬುಟ್ಟವ್ರೆ. ಎರಡು ಗಬ್ಬ ಆಗಿದ್ವು" ಎಂದ. ಮ್ಯಾಕೆ ಎಂದು ಬರೆದರೆ ಹಳ್ಳಿಗಾಡಿನದಾಯಿತು, ಸರ್ಕಾರಿ ಕಾಗದಕ್ಕೆ ಒಪ್ಪುವುದಿಲ್ಲ ಎಂದು ನನ್ನ ಎಣಿಕೆ. ಮೇಕೆ ಎಂದು ಬರೆದಿದ್ದರೂ ಬದುಕಿಕೊಳ್ಳುತ್ತಿದ್ದೆ. ಇನ್ನೂ ಗಂಭೀರವಾಗಿರಲಿ ಎಂದು ಆಡು ಎಂಬ ಪದ ಆರಿಸಿದೆ. ಬರೆಯುವ ಗಳಿಗೆಯಲ್ಲಿ ಹಳೆಯ ಭಯ ಬಂದು ಕೈ ಹಿಡಿಯಿತು. ಇನ್ಸ್‌ಪೆಕ್ಟರ್ ಸಾಹೇಬರು ಕಾಗದ ಕೈಗೆತ್ತಿಕೊಂಡು ಗಟ್ಟಿಯಾಗಿ ಓದಿದರು: "ಪಿರ್ಯಾದಿಯ ಏಳು ಹಾಡುಗಳನ್ನು ಯಾರೋ ಕಳ್ಳರು ಕಳವು ಮಾಡಿದ್ದು, ಅವುಗಳ ಪೈಕಿ ಎರಡು ಹಾಡುಗಳು ಗಬ್ಬವಾಗಿರುತ್ತವೆ."

ಓದಿ ಮುಗಿಸಿ ನನ್ನನ್ನೇ ನೋಡಿದರು. "ಯಾವ ರಾಗದಲ್ಲಿದ್ವಯ್ಯಾ?"

ಇಡೀ ಠಾಣೆ ಬಿದ್ದು ಬಿದ್ದು ನಕ್ಕಿತು. ಲಾಕಪ್ಪಿನಲ್ಲಿದ್ದ ಕುಡುಕನೂ ನಕ್ಕ. ನಗದೆ ನಿಂತಿದ್ದವನು ಆ ರೈತ ಒಬ್ಬನೇ. "ನನ್ನ ಮ್ಯಾಕೆ ಓಗವೆ, ನೀವು ನಗ್ತಾ ಇದ್ದೀರಲ್ಲ ಸೋಮಿ" ಎಂದ. ಅವನ ಪುಣ್ಯ, ಮೂರನೆಯ ದಿನ ಮೇಕೆಗಳು ಸಿಕ್ಕಿದವು. ನನಗೆ ಮಾತ್ರ ಆ ಠಾಣೆ ಬಿಡುವತನಕ ಭಾಗವತರು ಎಂಬ ಹೆಸರು ಉಳಿಯಿತು.

ಇದು ನಗುವ ತಪ್ಪಾಯಿತು. ಮುಂದಿನದು ನಗುವಂಥದ್ದಲ್ಲ.

ಕೋರ್ಟಿನಿಂದ ಒಂದು ವಾರಂಟ್ ಬಂದಿತ್ತು, ಮಾರಿಗೌಡ ಎಂಬವನ ಮೇಲೆ. ಪೇದೆಗಳಿಗೆ ಕೊಡುವ ಚೀಟಿಯಲ್ಲಿ ನಾನು ದೀರ್ಘ ಬಿಟ್ಟು ಮರಿಗೌಡ ಎಂದು ಬರೆದೆ. ಆ ಊರಿನಲ್ಲಿ ಇಬ್ಬರೂ ಇದ್ದರು. ಪೇದೆಗಳು ಹೋಗಿ ಮರಿಗೌಡರನ್ನು ಕರೆತಂದರು. ಅರವತ್ತರ ಮೇಲಿನ ವಯಸ್ಸು, ಒಗೆದ ಬಿಳಿ ಪಂಚೆ, ಹಣೆಯಲ್ಲಿ ಕುಂಕುಮ. ಅಂದು ಅವರ ಮಗಳ ನಿಶ್ಚಿತಾರ್ಥ. ಬೀಗರು ಎಲೆಯ ಮುಂದೆ ಕುಳಿತಿರುವಾಗಲೇ ಪೊಲೀಸರು ಅವರನ್ನು ಎಬ್ಬಿಸಿಕೊಂಡು ಬಂದಿದ್ದರು.

ವಾರಂಟನ್ನೂ ಚೀಟಿಯನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಮರಿಗೌಡರು ಬಗ್ಗಿ ಎರಡನ್ನೂ ನೋಡಿದರು. "ಒಂದು ಗೀಟು ಬುಟ್ರೆ ಮನ್ಸ ಕಳ್ಳ ಆಗ್ಬುಡ್ತಾನಲ್ಲ ಸೋಮಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರಿಗೆ ಹೋದೆ. ಬೀಗರು ಆಗಲೇ ಗಾಡಿ ಹತ್ತಲು ತಯಾರಾಗಿದ್ದರು. ಚಪ್ಪರದ ಕೆಳಗೆ ನಿಂತು ವಾರಂಟು ಓದಿದೆ, ಚೀಟಿ ಓದಿದೆ, ತಪ್ಪು ನನ್ನದು, ಇವರು ದೇವರಂಥವರು ಎಂದು ಎಲ್ಲರೆದುರು ಕೈಮುಗಿದೆ. ಗಂಡಿನ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟನೇ ಕ್ಲಾಸು ಓದಿದ್ದೀಯಪ್ಪಾ?" ಎಂದಳು. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಬೀಗರು ಮತ್ತೆ ಎಲೆಯ ಮುಂದೆ ಕುಳಿತರು. ನನಗೂ ಒಂದು ಎಲೆ ಹಾಕಿದರು.

ಅಂದಿನಿಂದ ಯಾವ ಹೆಸರನ್ನೂ ಒಂದೇ ಸಲಕ್ಕೆ ಬರೆದು ಮುಗಿಸುವುದನ್ನು ಬಿಟ್ಟೆ. ಹೆಸರು ಬರೆದು, ಓದಿ ಹೇಳಿ, ಎದುರಿಗಿದ್ದವರು ತಲೆಯಾಡಿಸಿದ ಮೇಲೆ ಮುಂದಿನ ಸಾಲು.

ಭವ್ಯ, ಇಷ್ಟಕ್ಕೇ ನಿಲ್ಲಿಸಿದ್ದರೆ ವ್ಯಾಕರಣ ಬಹಳ ಮುಖ್ಯ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಹಾಗೆಂದೇ ನಂಬಿ ನಾನು ಐದಾರು ವರ್ಷ ಹಟದಿಂದ ಕಲಿತೆ. ನಿಘಂಟು ಮೇಜಿನ ಮೇಲಿರುತ್ತಿತ್ತು. ಅಕ್ಷರ ದುಂಡಗಾದವು, ವಾಕ್ಯಗಳು ಉದ್ದವಾದವು. ನನ್ನ ದೂರುಗಳನ್ನು ಬೇರೆ ಠಾಣೆಯವರು ಮಾದರಿಗೆಂದು ಒಯ್ಯುತ್ತಿದ್ದರು. ಆಗ ಬಂದವಳು ಚಿಕ್ಕತಾಯಮ್ಮ.

ಕಬ್ಬಾಳು ಕಡೆಯ ಹೆಂಗಸು, ಕುರಿ ಸಾಕಿಕೊಂಡಿದ್ದಳು. ಮೇಯಿಸುವ ಜಾಗದ ವಿಷಯಕ್ಕೆ ಜಗಳವಾಗಿ, ಊರಿನವನೊಬ್ಬ ಅವಳು ಕುರಿ ಕೂಡುವ, ಗರಿ ಹೊದಿಸಿದ ರೊಪ್ಪಕ್ಕೆ ಬೆಂಕಿ ಇಟ್ಟಿದ್ದ. ನಾಲ್ಕು ಮರಿ ಸತ್ತಿದ್ದವು. ಅವಳು ಹೇಳಿದ್ದು ಇಷ್ಟು: "ಬಂದೋನೆ ಬಾಯಿಗ್ ಬಂದಂಗ್ ಬೈದ. ನಿನ್ ಕುರಿ ಎಂಗ್ ಮೇಯ್ತವೋ ನೋಡ್ತೀನಿ ಅಂದ. ಬೀಡಿ ಅಚ್ಚೋ ಕಡ್ಡೀಲೇ ಗರಿಗೆ ಬೆಂಕಿ ಇಕ್ಬುಟ್ಟ. ನಾನು ಕಣ್ಣಾರ ಕಂಡಿವ್ನಿ."

ನಾನು ಬರೆದದ್ದು: "ಆರೋಪಿಯು ಏಕಾಏಕಿ ಬಂದು ಅವಾಚ್ಯ ಶಬ್ದಗಳಿಂದ ನಿಂದಿಸಿ, ಪ್ರಾಣಬೆದರಿಕೆ ಒಡ್ಡಿ, ದುರುದ್ದೇಶದಿಂದ ಅಗ್ನಿಸ್ಪರ್ಶ ಮಾಡಿರುತ್ತಾನೆ." ಒಂದು ಕಾಗುಣಿತ ತಪ್ಪಿಲ್ಲ. ಬರೆದು ಮುಗಿಸಿ ನನ್ನನ್ನು ನಾನೇ ಮೆಚ್ಚಿಕೊಂಡೆ.

ಕೋರ್ಟಿನಲ್ಲಿ ಆರೋಪಿಯ ವಕೀಲರು ನಯವಾಗಿ ಕೇಳಿದರು. "ಏಕಾಏಕಿ ಬಂದ ಅಂತ ನೀವು ಹೇಳಿದ್ದೀರಾ ತಾಯಿ?"

"ಅದ್ಯಾರು ಏಕಾಏಕಿ? ಬಂದಿದ್ದು ಇವ್ನೊಬ್ನೇ."

"ಅಗ್ನಿಸ್ಪರ್ಶ ಮಾಡಿದ ಅಂತ ಹೇಳಿದ್ದೀರಾ?"

"ಇಲ್ಲ ಸೋಮಿ, ನಾನು ಅಂಗಂದಿಲ್ಲ."

"ಪ್ರಾಣಬೆದರಿಕೆ ಹಾಕಿದ ಅಂತ?"

ಅವಳು ಗಾಬರಿಯಾಗಿ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. "ಅವೆಲ್ಲ ನಾನು ಯೋಳಿಲ್ಲ" ಎಂದಳು. ಸತ್ಯವನ್ನೇ ಹೇಳಿದಳು. ವಕೀಲರು ನ್ಯಾಯಾಧೀಶರ ಕಡೆ ತಿರುಗಿ, ದೂರಿನಲ್ಲಿರುವುದನ್ನು ದೂರುದಾರಳೇ ಹೇಳಿಲ್ಲವಂತೆ ಎಂದು ಕೈಚೆಲ್ಲಿದರು. ಬೇರೆ ಸಾಕ್ಷಿಗಳು ಮೊದಲೇ ಆರೋಪಿಯ ಕಡೆ ತಿರುಗಿಕೊಂಡಿದ್ದರು. ಅವನು ಬಿಡುಗಡೆಯಾದ.

ಹೊರಗೆ ಚಿಕ್ಕತಾಯಮ್ಮ ನನ್ನನ್ನು ತಡೆದು ನಿಲ್ಲಿಸಿದಳು. "ರೈಟ್ರೇ, ನಾನು ಯೋಳಿದ್ದು ಚೆಂದಾಗಿರ್ನಿಲ್ವಾ?" ಎಂದು ಕೇಳಿದಳು. ಕೋಪವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದಳು. ನನ್ನ ಅವ್ವನೂ ಹಾಗೆಯೇ ಮಾತಾಡುತ್ತಿದ್ದವಳು.

ಅಲ್ಲಿಂದ ಮುಂದೆ ಜನ ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯತೊಡಗಿದೆ. "ಇಕ್ಬುಟ್ಟ" ಎಂದರೆ "ಇಕ್ಬುಟ್ಟ". ಮೇಲಿನವರು ಗೊಣಗಿದರು. ಮಾದರಿಗೆಂದು ಒಯ್ಯುವವರು ಬರುವುದು ನಿಂತಿತು.

ಇಷ್ಟರಲ್ಲಿ ಕಂಪ್ಯೂಟರ್ ಬಂತು. ಪೆನ್ನಿನಲ್ಲಿ ಮೂವತ್ತು ಸಾಲು ಬರೆಯುವ ಹೊತ್ತಿನಲ್ಲಿ ನಾನು ಮೂರು ಸಾಲು ಒತ್ತುತ್ತಿದ್ದೆ. ನಮ್ಮ ಕೀಲಿಮಣೆಯಲ್ಲಿ 'ಲ' ಒತ್ತುವ ಕೀಲಿಯನ್ನೇ ಶಿಫ್ಟ್ ಹಿಡಿದು ಒತ್ತಿದರೆ 'ಳ' ಬರುತ್ತಿತ್ತು. ಶಿಫ್ಟ್ ಹಿಡಿಯುವ ಬೆರಳು ನನ್ನ ಮಾತು ಕೇಳುತ್ತಿರಲಿಲ್ಲ. ಅಕ್ಕೂರು ಕಡೆಯ ಒಂದು ತೋಟಕ್ಕೆ ಯಾರೋ ಹಗೆಯಿಂದ ನುಗ್ಗಿ ಬಾಳೆ ಕಡಿದು ಹಾಕಿದ್ದರು. ದಿನದ ವರದಿಯಲ್ಲಿ ನಾನು ಒತ್ತಿ ಕಳಿಸಿದ್ದು: "ತೋಟದಲ್ಲಿದ್ದ ಮೂವತ್ತು ಬಾಲೆಗಳನ್ನು ದುಷ್ಕರ್ಮಿಗಳು ಮಚ್ಚಿನಿಂದ ಕಡಿದು ಹಾಕಿರುತ್ತಾರೆ."

ಕಾಲು ಗಂಟೆಯೊಳಗೆ ಫೋನು. ಮುಕ್ಕಾಲು ಗಂಟೆಯೊಳಗೆ ಎರಡು ಜೀಪು, ಒಂದು ವ್ಯಾನು. ದೊಡ್ಡ ಸಾಹೇಬರು ಬೆವರು ಒರೆಸಿಕೊಳ್ಳುತ್ತಾ ಇಳಿದು, "ಎಲ್ಲಿ ಹೆಣಗಳು?" ಎಂದರು. ತೋಟಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಮಕಾಡೆ ಬಿದ್ದಿದ್ದ ಬಾಳೆಗಿಡಗಳನ್ನು ಅವರು ಒಂದೊಂದಾಗಿ ಎಣಿಸಿದರು. ಆಮೇಲೆ, "ನಿನ್ನ ಹೆಂಡ್ತಿ ಮಕ್ಕಳ ಮುಖ ನೋಡಿ ಬಿಡ್ತಾ ಇದೀನಿ" ಎಂದರು. ತೋಟದವನಿಗೆ ಮಾತ್ರ ಹೆಮ್ಮೆಯೋ ಹೆಮ್ಮೆ. "ನನ್ನ ಬಾಳೆಗಿಡಕ್ಕೆ ಎಂಥೆಂಥೋರು ಬಂದವ್ರೆ ನೋಡ್ಲಾ!" ಎಂದು ಅಕ್ಕಪಕ್ಕದವರಿಗೆ ತೋರಿಸುತ್ತಿದ್ದ. ಅಷ್ಟು ದೊಡ್ಡ ಸಾಹೇಬರೇ ಬಂದುಹೋದ ಕಾರಣಕ್ಕೋ ಏನೋ, ಕಡಿದವರು ಎರಡೇ ದಿನದಲ್ಲಿ ತಾವಾಗಿ ಬಂದು ಒಪ್ಪಿಕೊಂಡರು.

ನನ್ನ ಕೊನೆಯ ಠಾಣೆಗೆ ಇನ್ಸ್‌ಪೆಕ್ಟರ್ ಆಗಿ ಬಂದವರು ಚಂದ್ರಮೌಳಿ. ಕನ್ನಡದಲ್ಲಿ ಎಂ.ಎ. ಮಾಡಿದವರು. ಸೊಂಟದ ಪಿಸ್ತೂಲಿಗಿಂತ ಜೇಬಿನ ಕೆಂಪು ಪೆನ್ನು ಮೊದಲು ಕಾಣುತ್ತಿತ್ತು. ಒಳ್ಳೆಯ ಮನುಷ್ಯ, ಆದರೆ ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದರೆ ಅವರಿಗೆ ತಲೆನೋವು ಬರುತ್ತಿತ್ತು. ನಾನು ಜನರ ಮಾತಿನಲ್ಲೇ ಬರೆದ ದೂರುಗಳನ್ನು ನೋಡಿ, "ಏನ್ರೀ ಇದು, ಸರ್ಕಾರಿ ದಾಖಲೆನಾ, ಹರಟೆಕಟ್ಟೆನಾ?" ಎನ್ನುತ್ತಿದ್ದರು. ಕಾಗದ ರಕ್ತಗಾಯವಾಗಿ ಹಿಂದಿರುಗುತ್ತಿತ್ತು. ನಾನು ಚಿಕ್ಕತಾಯಮ್ಮನ ಕಥೆ ಹೇಳಿದೆ. ಕೇಳಿ, "ಪಾಪ" ಎಂದು, ಮತ್ತೆ ತಿದ್ದಿದರು.

ಒಂದು ಬೆಳಿಗ್ಗೆ ಸವಿತಾ ಬಂದಳು. ರಾಮನಗರದ ಹೊರವಲಯದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಒಂದು ಸಣ್ಣ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದವಳು. ಇಪ್ಪತ್ತೈದರ ಆಸುಪಾಸಿನ ವಯಸ್ಸು. ಎಡಗೈ ಮೊಣಕೈವರೆಗೂ ಬಿಳಿ ಬ್ಯಾಂಡೇಜು. ಹೇಳಮ್ಮ, ಬರೆದುಕೊಳ್ಳುತ್ತೇನೆ ಎಂದೆ.

"ಬ್ಯಾಡ ಸಾರ್, ನಾನೇ ಬರ್ಕೊಂಡ್ ಬಂದಿವ್ನಿ. ಏಳನೇ ಕ್ಲಾಸು ಓದಿವ್ನಿ" ಎಂದು ನೋಟುಬುಕ್ಕಿನ ಹಾಳೆಯೊಂದನ್ನು ಮುಂದಿಟ್ಟಳು.

ಅದರಲ್ಲಿದ್ದದ್ದು ಹೀಗೆ: "ನನ ಹೆಸರು ಸವೀತ. ನೂಲು ಬಿಚೊ ಕೆಲಸ ಮಾಡತಿನಿ. ದಾರ ತುಂಡಾಗಿದಕೆ ಮಾಲಿಕರ ಬಾಮೈದ ಬಂದು ಗೂಡು ಬೇಯೊ ನೀರು ನನ ಕೈ ಮೇಲೆ ಉಯಿದು ಬುಟ. ಬೇಕು ಅಂತ ಉಯಿದ. ನಾನು ಕಾಲು ಜಾರಿ ಬಿದಿಲ."

ಒತ್ತಕ್ಷರ ಇರಬೇಕಾದ ಕಡೆ ಒಂದೂ ಇರಲಿಲ್ಲ. ಚಂದ್ರಮೌಳಿಯವರು ಓದುತ್ತಾ ಹಣೆ ಒತ್ತಿಕೊಂಡರು. ಶೆಡ್ಡಿನ ಕಡೆಯವರು ಆಗಲೇ ಫೋನು ಮಾಡಿ, ಹುಡುಗಿ ಕಾಲು ಜಾರಿ ಬಿದ್ದಳು, ನೀರು ಚೆಲ್ಲಿತು ಎಂದು ಹೇಳಿಯಾಗಿತ್ತು. ಸಾಹೇಬರು ಕೆಂಪು ಪೆನ್ನು ತೆಗೆದು, ಹೊಸ ಹಾಳೆಯಲ್ಲಿ ತಾವೇ ಶುದ್ಧಪ್ರತಿ ಬರೆದು ನನ್ನ ಕೈಗಿತ್ತರು. "ಇದನ್ನು ಟೈಪ್ ಮಾಡಿ, ಆಕೆಯ ಸಹಿ ಹಾಕಿಸಿ."

ಓದಿದೆ. "ನೂಲು ಬಿಚ್ಚಾಣಿಕೆ ಕಾರ್ಯದಲ್ಲಿ ನಿರತಳಾಗಿದ್ದ ಪಿರ್ಯಾದಿಯ ಎಡಗೈಯ ಮೇಲೆ ಕುದಿಯುವ ನೀರು ಚೆಲ್ಲಲ್ಪಟ್ಟು, ಸುಟ್ಟ ಗಾಯಗಳು ಉಂಟಾಗಿರುತ್ತವೆ."

ಸುಂದರವಾದ ವಾಕ್ಯ. ಎಲ್ಲಿಯೂ ತಪ್ಪು ಹಿಡಿಯುವಂತಿರಲಿಲ್ಲ. ಎರಡು ಸಲ ಓದಿದೆ. ಮೂರನೆಯ ಸಲ ಓದಿ, ಟೈಪ್ ಮಾಡದೆ ಎದ್ದು ನಿಂತೆ. ಮೇಲಧಿಕಾರಿಗೆ ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ.

"ಸಾರ್, ಒಂದು ವ್ಯಾಕರಣದ ಅನುಮಾನ" ಎಂದೆ.

ಅವರ ಮುಖ ಅರಳಿತು. "ಕೇಳ್ರೀ, ಕೇಳ್ರೀ."

"ಇದರಲ್ಲಿ ಕ್ರಿಯೆ ಇದೆ. ಕರ್ಮ ಇದೆ. ಕರ್ತೃ ಎಲ್ಲಿ, ಸಾರ್?"

"ಕರ್ಮಣಿ ಪ್ರಯೋಗ ಕಣ್ರೀ. ಅದರಲ್ಲಿ ಕರ್ತೃ..." ಎಂದು ಶುರುಮಾಡಿದವರು ಅಲ್ಲಿಗೇ ನಿಂತರು. ಹಾಳೆ ಇಸಿದುಕೊಂಡು ತಾವು ಬರೆದದ್ದನ್ನು ಮತ್ತೆ ಓದಿದರು. ಆಮೇಲೆ ಅವಳ ಹಾಳೆಯನ್ನು ಓದಿದರು. ಬಾಗಿಲ ಹೊರಗೆ ಬೆಂಚಿನ ಮೇಲೆ, ಬ್ಯಾಂಡೇಜಿನ ಕೈಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಅವಳನ್ನು ನೋಡಿದರು.

"ಆ ಬಾಮೈದನ ವಕೀಲ ಇದಕ್ಕಿಂತ ಚೆನ್ನಾಗಿ ಬರೆದುಕೊಡೋಕೆ ಆಗ್ತಿರಲಿಲ್ಲ, ಅಲ್ವೇನ್ರೀ?" ಎಂದರು ಮೆಲ್ಲಗೆ. ತಮ್ಮ ಹಾಳೆಯನ್ನು ನಾಲ್ಕಾಗಿ ಹರಿದರು. "ಆಕೆ ಬರೆದದ್ದನ್ನೇ ಲಗತ್ತಿಸಿ. ಒಂದು ಚುಕ್ಕೆನೂ ಮುಟ್ಟಬೇಡಿ."

ಆ ಮನುಷ್ಯನನ್ನು ಅಂದಿನಿಂದ ನಾನು ಮನಸಾರೆ ಗೌರವಿಸಿದೆ. ತಪ್ಪೇ ಮಾಡದ ಅಧಿಕಾರಿಗಳನ್ನು ಬೇಕಾದಷ್ಟು ಕಂಡಿದ್ದೆ. ತಾವೇ ಬರೆದದ್ದನ್ನು ಹರಿದವರನ್ನು ಕಂಡದ್ದು ಅದೇ ಮೊದಲು.

ಕೇಸು ಕೋರ್ಟಿಗೆ ಬಂತು. ಆ ಕಡೆಯ ವಕೀಲರದು ಒಂದೇ ವಾದ. ಈ ದೂರು ಹುಡುಗಿಯದಲ್ಲ, ಯಾರೋ ಹಿಂದೆ ನಿಂತು ಬರೆಸಿದ್ದು, ಬಹುಶಃ ಈ ರೈಟರೇ ಬರೆದದ್ದು. ಸಾಕ್ಷಿ ಕಟ್ಟೆಯಲ್ಲಿ ನನ್ನನ್ನು ಅರ್ಧ ಗಂಟೆ ಹುರಿದರು. ನಾನಲ್ಲ ಎಂದೆ. ನ್ಯಾಯಾಧೀಶರು ಸವಿತಾಳಿಗೆ ಒಂದು ಹಾಳೆ ಕೊಡಿಸಿ, ಅಂದು ನಡೆದದ್ದನ್ನು ಈಗ ಬರಿಯಮ್ಮ ಎಂದರು. ಅವಳು ಬಗ್ಗಿ ಬರೆದಳು. ಎರಡು ಹಾಳೆಗಳನ್ನೂ ಅವರು ಗಟ್ಟಿಯಾಗಿ ಓದಿದರು. ಅದೇ "ಬಿಚೊ", ಅದೇ "ಉಯಿದು ಬುಟ", ಅದೇ "ಬಿದಿಲ". ಕಿಕ್ಕಿರಿದ ಕೋರ್ಟಿನ ಸಭಾಂಗಣದಲ್ಲಿ ವಕೀಲರೂ ಗುಮಾಸ್ತರೂ ನಕ್ಕರು. ನ್ಯಾಯಾಧೀಶರು ಕನ್ನಡಕ ತೆಗೆದು, "ವಕೀಲರೇ, ಇಷ್ಟು ತಪ್ಪನ್ನು ಬೇಕೆಂದೇ ಮಾಡೋಕೆ ಯಾವ ರೈಟರ್ ಕೈಯಲ್ಲೂ ಆಗಲ್ಲ" ಎಂದರು. ಸುಟ್ಟ ಗಾಯ ನೀರು ಸಿಡಿದು ಆದದ್ದಲ್ಲ, ಮೇಲಿನಿಂದ ಧಾರೆಯಾಗಿ ಬಿದ್ದು ಆದದ್ದು ಎಂದು ಡಾಕ್ಟರೂ ಹೇಳಿದ್ದರು. ಕೆಲವು ವಾರಗಳ ನಂತರ ತೀರ್ಪು ಬಂತು. ಬಾಮೈದನಿಗೆ ಶಿಕ್ಷೆಯಾಯಿತು.

ಆ ದಿನ ನನಗೆ ರೆಕ್ಕೆ ಬಂದಂತಿತ್ತು. ಕೋರ್ಟಿನ ಅಂಗಳದಲ್ಲಿ ಸವಿತಾಳನ್ನು ಕಂಡು, ನೋಡಿದೆಯಾ, ನಿನ್ನ ತಪ್ಪುಗಳೇ ನಿನ್ನನ್ನು ಗೆಲ್ಲಿಸಿದವು ಎಂದೆ. ಅವಳು ನಗಲಿಲ್ಲ. ಹೊಂಗೆ ಮರದ ಕೆಳಗಿನ ಬೆಂಚಿನ ಮೇಲೆ ಕುಳಿತು, ಚೀಲದಿಂದ ತನ್ನ ದೂರಿನ ಪ್ರತಿಯನ್ನೂ ಒಂದು ಪೆನ್ಸಿಲನ್ನೂ ತೆಗೆದಳು.

"ಗೆದ್ದಿದ್ದು ಸರಿ ಸಾರ್. ಆದ್ರೆ ಅವತ್ತು ಇದ್ನ ಓದ್ದಾಗ ಎಲ್ರೂ ನಗ್ಬುಟ್ರಲ್ಲ. ಕೈ ಉರಿಗಿಂತ ಅದು ಜಾಸ್ತಿ ಉರೀತು. ತಪ್ಪು ಎಲ್ಲೆಲ್ಲೈತೆ ಒಸಿ ತೋರ್ಸಿ."

ಆ ನಗುವಿನಲ್ಲಿ ನಾನೂ ಸೇರಿದ್ದೆ. ಅವಳ ಪಕ್ಕದಲ್ಲಿ ಕುಳಿತೆ.

ಒಂದೊಂದೇ ಪದ ತಿದ್ದುತ್ತಾ ಹೋದೆವು. 'ನನ'ದ ಕೆಳಗೆ ಒತ್ತು. 'ಬಿಚೊ' ಕೆಳಗೆ ಒತ್ತು. ಅವಳು ಪ್ರತಿಯೊಂದನ್ನೂ ಬಾಯಲ್ಲಿ ಹೇಳಿಕೊಂಡು, ಪಕ್ಕದ ಖಾಲಿ ಜಾಗದಲ್ಲಿ ಬರೆದಳು. 'ಉಯಿದು ಬುಟ' ಬಂದಾಗ ನಾನು ಅದನ್ನು ಹೊಡೆದು, ಮೇಲೆ 'ಸುರಿದನು' ಎಂದು ಬರೆದೆ. ಅವಳು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡಳು.

"ಇದು ಬ್ಯಾಡ. ಸುರ್ದ ಅಂದ್ರೆ ಮಳೆ ಸುರ್ದಂಗೆ ಆಯ್ತದೆ. ಅವ್ನು ಸುರೀನಿಲ್ಲ, ಉಯ್ದುಬುಟ್ಟ. ನನ್ನ ಮಾತು ಅಂಗೇ ಇರ್ಲಿ, ಅಕ್ಷರ ಮಾತ್ರ ಸರಿಯಾಗಿ ಯೋಳ್ಕೊಡಿ."

ಹೇಳಿಕೊಟ್ಟೆ. ಯಕ್ಕೆ ದ ಒತ್ತು, ಟಕ್ಕೆ ಟ ಒತ್ತು. ಎಲ್ಲ ಮುಗಿದ ಮೇಲೆ ಹಾಳೆ ತಿರುಗಿಸಿ ಹಿಂಬದಿಯಲ್ಲಿ ಮೊದಲಿನಿಂದ ಕೊನೆಯವರೆಗೆ ತಾನೇ ಬರೆದಳು, ನನ್ನ ಕಡೆ ಒಮ್ಮೆಯೂ ನೋಡದೆ. ಕೆಳಗೆ ಸವಿತಾ ಎಂದು ಸಹಿ ಮಾಡಿದಳು. ಓದಿ ನೋಡಿದೆ. ಒಂದು ತಪ್ಪೂ ಇರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

ಅವಳು ಹಾಳೆಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಎದ್ದಳು.

"ಇನ್ನು ಯಾರಾದ್ರೂ ನಕ್ರೆ, ತಪ್ಪು ಅವ್ರದು" ಎಂದಳು.